ಹಿನ್ನೆಲೆಯ ಮಸುಕು

ನಮ್ಮ ಯಜಮಾನರು ಹುದುಲಿಗೆ ಬಿದ್ದದ್ದು ಮಗಳಿಗೋಸ್ಕರ. ಇದನ್ನು ಅವರೇ ಹೇಳಿಕೊಳ್ಳುತ್ತಾರೆ, ಅದೂ ಎದೆಯುಬ್ಬಿಸಿ. ಕ್ಯಾಮೆರಾ ಹುಚ್ಚಿನವರು ತಮ್ಮ ಕಾಯಿಲೆಗೆ ತಾವೇ ಇಟ್ಟುಕೊಂಡ ಹೆಸರು ‘ನುಮಾ’, ಅಂದರೆ ಹುದುಲು. ಒಂದು ಲೆನ್ಸ್ ಕೊಂಡರೆ ಕಾಲು ಸಿಕ್ಕಿಕೊಳ್ಳುತ್ತದೆ, ಆ ಕಾಲು ಎತ್ತುವುದಕ್ಕೆ ಇನ್ನೊಂದು ಕೊಂಡರೆ ಸೊಂಟದವರೆಗೆ ಇಳಿಯುತ್ತಾರೆ. ಬೇರೆ ಹುದುಲಿಗೆ ಬಿದ್ದವರಿಗೆ ಜನ ಹಗ್ಗ ಎಸೆಯುತ್ತಾರೆ. ಇವರ ಬಳಗದಲ್ಲಿ ಹಾಗಿಲ್ಲ. ಹೊಸಬನೊಬ್ಬ ಬಿದ್ದ ಅಂತ ಗೊತ್ತಾದರೆ ಸಾಕು, ಮೊದಲೇ ಬಿದ್ದವರೆಲ್ಲ ಕಂಪ್ಯೂಟರಿನಲ್ಲಿ ‘ಹುದುಲಿಗೆ ಸ್ವಾಗತ’ ಅಂತ ಬರೆದು ಚಪ್ಪಾಳೆಯ ಚಿತ್ರ ಅಂಟಿಸುತ್ತಾರೆ. ನಮ್ಮವರಿಗೆ ಹಾಗೆ ಸ್ವಾಗತ ಸಿಕ್ಕ ದಿನ ಅವರು ಪಾಯಸ ಉಂಡವರ ಹಾಗೆ ಖುಷಿಯಾಗಿದ್ದರು.

ಶುರುವಾದದ್ದು ಸ್ಕೂಲಿನ ಕ್ರೀಡಾಕೂಟದಿಂದ. ನಮ್ಮ ಫುಮಿನೋ ಒಂದನೇ ಕ್ಲಾಸಿನಲ್ಲಿದ್ದಾಗ ಯಜಮಾನರು ಕಂಪನಿಯ ಕೆಲಸದ ಮೇಲೆ ಫುಕುಓಕಾಗೆ ಹೋಗಿದ್ದರು. ಅವರ ಕಂಪನಿ ನಲ್ಲಿ ಮಾಡುತ್ತದೆ. ಮಗಳ ಓಟಕ್ಕಿಂತ ನಲ್ಲಿ ಸೋರುವುದು ದೊಡ್ಡ ವಿಷಯ ಅಂತ ನಾನೂ ಸುಮ್ಮನಿದ್ದೆ. ಮರುವರ್ಷ ಬಂದರು, ಫೋನಿನಲ್ಲಿ ವಿಡಿಯೊ ಮಾಡಿದರು. ಅದರಲ್ಲಿ ಫುಮಿನೋ ಇರುವೆಯಷ್ಟಿದ್ದಳು, ಮುಂದೆ ಕೂತಿದ್ದ ಯಾರದೋ ಬೋಳು ತಲೆ ಪರದೆ ತುಂಬ ಹೊಳೆಯುತ್ತಿತ್ತು.

“ಫೋನಲ್ಲಿ ಆಗಲ್ಲ ಕಣೇ ಚಿಜುರು. ಕ್ಯಾಮೆರಾನೇ ಬೇಕು,” ಅಂದರು.

ಕ್ಯಾಮೆರಾ ಬಂತು. ಆ ವರ್ಷ ಅದರ ಬ್ಯಾಟರಿ ಮನೆಯ ಗೋಡೆಯಲ್ಲೇ ಚಾರ್ಜಾಗುತ್ತಾ ಉಳಿಯಿತು. ಅದಕ್ಕೆ ಬ್ಯಾಟರಿ ಹೆಚ್ಚು ಹೊತ್ತು ಬಾಳುವ ಬೇರೆ ಕ್ಯಾಮೆರಾ ಬಂತು. ಆಗ ಫುಮಿನೋ ಎದುರಿಗೆ ಓಡಿ ಹೋಗುವ ಹೊತ್ತಿಗೆ ಇವರು ಲೆನ್ಸ್ ಬದಲಾಯಿಸುತ್ತಿದ್ದರು. ಲೆನ್ಸ್ ಬದಲಾಯಿಸುವ ಕಷ್ಟವೇ ಬೇಡ ಅಂತ ಎರಡನೇ ಕ್ಯಾಮೆರಾ ಬಂತು. ಕಳೆದ ವರ್ಷ ಕೊರಳಲ್ಲಿದ್ದ ಎರಡರ ಪಟ್ಟಿಯೂ ಒಂದಕ್ಕೊಂದು ಸುತ್ತಿಕೊಂಡು, ಅದನ್ನು ಬಿಡಿಸಿಕೊಳ್ಳುವಷ್ಟರಲ್ಲಿ ಮಕ್ಕಳು ಬಹುಮಾನ ತೆಗೆದುಕೊಂಡು ಸಾಲಾಗಿ ಕೂತಿದ್ದರು. ಪ್ರತಿಸಲವೂ ತಪ್ಪು ಸಾಮಾನಿನದೇ, ಹಿಡಿದವರದ್ದು ಅಂತ ಒಮ್ಮೆಯೂ ಆಗಲಿಲ್ಲ. ಇಷ್ಟು ವರ್ಷದಲ್ಲಿ ಫುಮಿನೋ ಓಡಿದ್ದನ್ನೂ ಕುಣಿದದ್ದನ್ನೂ ಅವರು ಒಂದು ಸಲವೂ ನೆಟ್ಟಗೆ ನೋಡಿರಲಿಲ್ಲ.

ಈ ವರ್ಷ ಅವಳು ಆರನೇ ಕ್ಲಾಸು. ಪ್ರಾಥಮಿಕ ಶಾಲೆಯ ಕೊನೆಯ ಕ್ರೀಡಾಕೂಟ. ಮಿಡ್ಲ್ ಸ್ಕೂಲಿಗೆ ಹೋದ ಮೇಲೆ ಅಪ್ಪ ಅಮ್ಮ ಬೇಲಿ ಪಕ್ಕ ನಿಂತರೂ ಮಕ್ಕಳು ಗುರುತಿಲ್ಲದವರ ಹಾಗೆ ಮುಖ ತಿರುಗಿಸುತ್ತಾರೆ. ಫುಮಿನೋ ಇದು ಬೇಕು ಅದು ಬೇಕು ಅಂತ ಕೇಳುವ ಹುಡುಗಿಯಲ್ಲ. ಆದರೆ ಈ ಸಲ ತಾನಾಗಿ ಬಂದು ಕೇಳಿದಳು.

“ಅಪ್ಪಾ, ಈ ಸಲ ನನ್ನ ಕುಣಿತ ಪೂರ್ತಿ ನೋಡ್ತೀಯಾ?”

“ನೋಡೋದೇನು ಬಂತು! ಕಣ್ಣಿನ ರೆಪ್ಪೆ ಎಣಿಸೋ ಹಾಗೆ ತೆಗೀತೀನಿ ನೋಡ್ತಿರು.”

ಅವಳು ಕೇಳಿದ್ದು ನೋಡುವುದನ್ನು, ಇವರು ಒಪ್ಪಿಕೊಂಡದ್ದು ತೆಗೆಯುವುದನ್ನು.

ಸರಿ, ಲೆನ್ಸ್ ಆರಿಸುವ ಕೆಲಸ ಶುರುವಾಯಿತು. ಇದಕ್ಕೆ ಗುರುಗಳು ಓನುಕಿ-ಸಾನ್. ಅದೇ ಕಂಪನಿಯ ಮಾರಾಟ ವಿಭಾಗದ ಹಿರಿಯರು, ನಮ್ಮವರನ್ನು ಮನೆತನದ ಹೆಸರು ಹಿಡಿದು ‘ನೆಗಿಶಿ’ ಅಂತ ಕರೆಯುವವರು, ಹುದುಲಿನ ತಳದಲ್ಲೇ ಮನೆ ಕಟ್ಟಿಕೊಂಡವರು. ಅವರ ಹತ್ತಿರ ಇರುವ ಲೆನ್ಸುಗಳಿಂದ ಅವರು ತೆಗೆಯುವುದು ತಮ್ಮ ಮಿಕ್ಕ ಲೆನ್ಸುಗಳ ಫೋಟೊ. ಒಂದು ಭಾನುವಾರ ನಾವೆಲ್ಲ ನಮ್ಮೂರು ಕವಾಗುಚಿಯಿಂದ ರೈಲು ಹತ್ತಿ ಶಿಂಜುಕುವಿನ ಕ್ಯಾಮೆರಾ ಅಂಗಡಿಗೆ ಹೋದೆವು. ಬಿಳಿ ಕೈಗವಸು ತೊಟ್ಟ ಅಂಗಡಿಯವನು ಆಸ್ಪತ್ರೆಯಲ್ಲಿ ಕೂಸು ತಂದುಕೊಡುವ ನರ್ಸಿನ ಹಾಗೆ ಒಂದು ಬಿಳಿ ಲೆನ್ಸನ್ನು ಎರಡೂ ಕೈಯಲ್ಲಿ ಹೊತ್ತು ತಂದ.

“ಏನು ತೆಗೀತೀರಾ ಸಾರ್?”

“ಮಗಳನ್ನ.”

“ಓಡ್ತಾರಾ, ಕುಣೀತಾರಾ?”

“ಕುಣೀತಾಳೆ. ಮೀನುಗಾರರ ಕುಣಿತ.”

“ಎಷ್ಟು ದೂರದಿಂದ ತೆಗೀತೀರಾ?”

ಓನುಕಿ-ಸಾನ್ ನಡುವೆ ಬಾಯಿ ಹಾಕಿದರು. “ದೂರ ಕಟ್ಕೊಂಡು ಏನಾಗ್ಬೇಕಪ್ಪ? ಮಸುಕು ಹೇಗೆ ಬರುತ್ತೆ ಅದನ್ನ ಹೇಳು. ನೆಗಿಶಿ, ಕೇಳಿಲ್ಲಿ. ಮುಂದಿರೋ ಮುಖ ಯಾರು ಬೇಕಾದ್ರೂ ತೆಗೀತಾರೆ. ಹಿಂದಿರೋದೆಲ್ಲ ಬೆಣ್ಣೆ ಕರಗಿದ ಹಾಗೆ ಕರಗ್ಬೇಕು. ಅದಕ್ಕೇ ಅಲ್ವಾ ನಾವು ದುಡಿಯೋದು?”

ನಮ್ಮವರು ಭಕ್ತಿಯಿಂದ ತಲೆಯಾಡಿಸಿದರು. ಅಂಗಡಿಯವನು ಲೆನ್ಸ್ ಸಿಕ್ಕಿಸಿ ಕೊಟ್ಟ. “ಇಲ್ಲೇ ಒಂದು ತೆಗೆದು ನೋಡಿ ಸಾರ್. ಮಗಳೂ ಇದಾರಲ್ಲ.”

ಫುಮಿನೋ ಕೂದಲು ಸರಿಮಾಡಿಕೊಂಡು ಬಾಗಿಲ ಹತ್ತಿರ ಹೋಗಿ, ಎರಡು ಬೆರಳೆತ್ತಿ ನಿಂತಳು. ಯಜಮಾನರು ಕ್ಯಾಮೆರಾ ಎತ್ತಿದರು. ಅದು ಅವಳ ತಲೆಯ ಮೇಲಿಂದ ಹಾದು, ರಸ್ತೆ ದಾಟಿ, ಎದುರಿನ ಕಟ್ಟಡದ ಮೇಲಿನ ಮಹಡಿಯಲ್ಲಿದ್ದ ಹಲ್ಲಿನ ಡಾಕ್ಟರ ಬೋರ್ಡಿಗೆ ಹೋಗಿ ನಿಂತಿತು.

“ಅಬ್ಬಬ್ಬಾ! ನೋಡಿ ಓನುಕಿ-ಸಾನ್, ಡಾಕ್ಟರ ಫೋನ್ ನಂಬರೂ ಓದ್ಬಹುದು!”

“ಕೆತ್ತಿದ ಹಾಗಿದೆ ಕಣಯ್ಯ, ಕೆತ್ತಿದ ಹಾಗಿದೆ!”

ಫುಮಿನೋ ಎತ್ತಿದ ಬೆರಳು ಇಳಿಸಿ ನನ್ನ ಹತ್ತಿರ ಬಂದಳು. “ಹಲ್ಲೇ ಬೇಕಿದ್ರೆ ನಂದೂ ಇತ್ತಲ್ಲಮ್ಮ,” ಅಂದಳು. ನಾನು ನಕ್ಕೆ, ಆದರೆ ಒಳಗೆ ಉರಿಯಿತು.

ಆ ಕುಣಿತದ ವಿಷಯ ಹೇಳಬೇಕು. ಆರನೇ ಕ್ಲಾಸಿನವರು ಕುಣಿಯುವಾಗ ತೊಡುವ ಹಪ್ಪಿ ಅಂಗಿಯ ಬೆನ್ನ ಮೇಲೆ ಒಂದೇ ಒಂದು ಅಕ್ಷರ ದೊಡ್ಡದಾಗಿ ಬರೆದುಕೊಳ್ಳುತ್ತಾರೆ. ಯಾವ ಅಕ್ಷರ ಅನ್ನುವುದು ಆ ಮಗುವಿನ ಇಷ್ಟ. ನಮ್ಮ ಬರವಣಿಗೆಯಲ್ಲಿ ಒಂದೊಂದು ಅಕ್ಷರವೂ ಒಂದೊಂದು ಮಾತು. ಹುಡುಗರು ಸಾಮಾನ್ಯವಾಗಿ ‘ಬಿರುಗಾಳಿ’, ‘ಗೆಲುವು’ ಅಂತ ಬರೆಯುತ್ತಾರೆ. ಒಂದು ಸಂಜೆ ಊಟಕ್ಕೆ ಕೂತಾಗ ಫುಮಿನೋ ಹೇಳಿದಳು.

“ಅಪ್ಪಾ, ನಾನು ಬೆನ್ನ ಮೇಲೆ ಮತ್ಸು ಬರ್ಕೊಂಡೆ.”

ಮತ್ಸು ಅಂದರೆ ಪೈನ್ ಮರ. ಮತ್ಸು ಅಂದರೆ ಕಾಯುವುದು ಅಂತಲೂ ಆಗುತ್ತದೆ. ಉಲಿ ಒಂದೇ, ಅಕ್ಷರ ಬೇರೆ ಬೇರೆ. ಹೀಗಾಗಿ ನಮ್ಮಲ್ಲಿ ಯಾರು ಇಂಥ ಮಾತು ಹೇಳಿದರೂ ಕೇಳಿದವರ ಬಾಯಲ್ಲಿ ಮೊದಲು ಬರುವ ಪ್ರಶ್ನೆ ‘ಯಾವ ಅಕ್ಷರ?’ ಅಂತ. ಪಾರ್ಸೆಲ್ ತಂದುಕೊಡುವವನೂ ಕೇಳುತ್ತಾನೆ. ನಮ್ಮ ಯಜಮಾನರು ಮಾತ್ರ ಕೇಳಲಿಲ್ಲ. ಅವರ ಮುಂದೆ ಸೋಯಾ ಸಾಸಿನ ಬಾಟಲಿಗೆ ಒರಗಿಸಿದ್ದ ಟ್ಯಾಬ್ಲೆಟ್ಟಿನಲ್ಲಿ ಯಾರೋ ಎಡಿಟಿಂಗ್ ಕಂಪ್ಯೂಟರುಗಳನ್ನು ಹೋಲಿಸಿ ತೋರಿಸುತ್ತಿದ್ದ.

“ಮತ್ಸು! ಭೇಷ್ ಕಣಮ್ಮ. ವರ್ಷವಿಡೀ ಹಸಿರಾಗಿರೋ ಮರ. ನೋಡೇ ಚಿಜುರು, ಹಸಿರು ಸರಿಯಾಗಿ ಕಾಣ್ಬೇಕು ಅಂದ್ರೆ ನಮ್ಮ ಹಳೇ ಪರದೆ ಸಾಲಲ್ಲ.”

ನಾನು ಬಾಯಿ ತೆರೆದೆ. ಫುಮಿನೋ ಎದುರಿನಿಂದ ಬೇಡ ಅಂತ ತಲೆಯಾಡಿಸಿದಳು.

ಆಮೇಲೆ ಪಾತ್ರೆ ತೊಳೆಯುವಾಗ ಕೇಳಿದೆ. “ಯಾಕೇ ಹೇಳ್ಬೇಡ ಅಂದೆ?”

“ನೋಡ್ದಾಗ ಗೊತ್ತಾಗುತ್ತಲ್ಲಮ್ಮ. ಎಷ್ಟು ದೊಡ್ಡದಾಗಿ ಬರ್ದಿದೀನಿ ಗೊತ್ತಾ? ಅಂಗಿ ತುಂಬ.”

“ಅಲ್ವೇ, ಎಲ್ಲ ಬಿಟ್ಟು ‘ಕಾಯೋದು’ ಅಂತ ಯಾಕೆ?”

“ಮೀನುಗಾರರ ಕುಣಿತ ತಾನೆ? ಬಲೆ ಹಾಕಿದ್ಮೇಲೆ ಅವರು ಮಾಡೋದೇನು? ಕಾಯೋದೇ. ಹೊರಿಬೆ ಮೇಷ್ಟ್ರಿಗೂ ಹಂಗೇ ಹೇಳ್ದೆ, ನಕ್ಕು ಒಪ್ಕೊಂಡ್ರು.” ತಟ್ಟೆ ಒರೆಸುತ್ತಾ ಅಂದಳು, “ಇನ್ನೊಂದು ಕಾರಣಾನೂ ಇದೆ. ಅದು ಅಪ್ಪಂಗೆ. ಮೇಷ್ಟ್ರಿಗೆ ಹೇಳಿಲ್ಲ.”

ಆ ಕಾರಣ ಏನು ಅಂತ ನಾನು ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ನಲ್ಲಿ ಜೋರಾಗಿ ತಿರುಗಿಸಿ ಪಾತ್ರೆ ಉಜ್ಜಿದೆ.

ಅತ್ತ ಎಡಿಟಿಂಗ್ ಕೋಣೆಯ ಕಟ್ಟೋಣ ಶುರುವಾಯಿತು. ಕಂಪ್ಯೂಟರ್ ಬಂತು, ಅದಕ್ಕೆ ತಕ್ಕ ಪರದೆ ಬಂತು. ಪರದೆಯ ಬಣ್ಣ ಸರಿಯಿದೆಯೇ ಅಂತ ಅಳೆಯುವ ಒಂದು ಉಪಕರಣ, ಆ ಉಪಕರಣ ಸರಿಯಿದೆಯೇ ಅಂತ ವಾದಿಸುವ ಓನುಕಿ-ಸಾನ್, ಇಬ್ಬರೂ ಬಂದರು. ಬಣ್ಣದ ಗೋಡೆ ಕಣ್ಣಿಗೆ ಮೋಸ ಮಾಡುತ್ತದಂತೆ. ಹೀಗಾಗಿ ಕೋಣೆಗೆಲ್ಲ ಬೂದಿ ಬಣ್ಣ ಬಳಿದರು. ಹಾಕಿಕೊಂಡ ಬಟ್ಟೆಯೂ ಮೋಸ ಮಾಡುತ್ತದಂತೆ, ಅದಕ್ಕೆ ಬೂದಿ ಬಣ್ಣದ ಬನಿಯನ್ನು. ಆ ಕೋಣೆಯಲ್ಲಿ ಇಷ್ಟು ದಿನ ಇದ್ದದ್ದು ಫುಮಿನೋಳ ಓದುವ ಮೇಜು. ಅದನ್ನು ಹೊರಗೆ ಫ್ರಿಜ್ಜಿನ ಪಕ್ಕ ಇಟ್ಟರು.

“ರೀ, ಮಗು ಎಲ್ಲಿ ಓದ್ಬೇಕು?”

“ನಾಕು ದಿನ ಅಡ್ಜಸ್ಟ್ ಮಾಡ್ಕೊಳೇ. ಅವಳದ್ದೇ ಫಿಲ್ಮು ತಾನೆ?”

ಬೂದಿ ಗೋಡೆಯ ಮುಂದೆ ಬೂದಿ ಬನಿಯನ್ನು ಹಾಕಿ ಕೂತ ಮನುಷ್ಯ ಎಲ್ಲಿದ್ದಾರೆ ಅಂತ ಹುಡುಕಬೇಕಾಗುತ್ತಿತ್ತು. ಒಂದು ಸಲ ಚಹಾ ತಂದ ನಾನು ಖಾಲಿ ಕುರ್ಚಿ ಅಂದುಕೊಂಡು ಕಪ್ಪನ್ನು ಅವರ ತೊಡೆಯ ಮೇಲೇ ಇಡಲು ಹೋಗಿದ್ದೆ.

ಕ್ರೀಡಾಕೂಟದ ದಿನ ಬಂತು. ಈಗೆಲ್ಲ ಬೆಳಗ್ಗೆ ಶುರುವಾಗಿ ಊಟದ ಹೊತ್ತಿಗೆ ಮುಗಿಸಿಬಿಡುತ್ತಾರೆ. ಏಣಿ ತರಬಾರದು, ಮೂರು ಕಾಲಿನ ಸ್ಟ್ಯಾಂಡು ನಿಲ್ಲಿಸಬಾರದು ಅಂತ ಸ್ಕೂಲಿನವರ ಕಟ್ಟುನಿಟ್ಟು. ಯಾವ ಕ್ಲಾಸಿನ ಸರದಿಯೋ ಆ ಕ್ಲಾಸಿನ ಅಪ್ಪ ಅಮ್ಮಂದಿರು ಮಾತ್ರ ಹಗ್ಗದ ಹತ್ತಿರ ಬರಬೇಕು. ನಮ್ಮ ಯಜಮಾನರು ಮೈತುಂಬ ಜೇಬಿರುವ ಕೋಟು ತೊಟ್ಟು, ಆ ಬಿಳಿ ಲೆನ್ಸ್ ಹೊತ್ತು, ಕಿವಿಗೆ ದೊಡ್ಡ ಹೆಡ್‌ಫೋನ್ ಹಾಕಿಕೊಂಡು ಬಂದರು. ಬೇರೆ ಅಪ್ಪಂದಿರು ತಮ್ಮ ಕ್ಯಾಮೆರಾ ನೋಡಿಕೊಂಡು, ಇವರದ್ದು ನೋಡಿ, ದಾರಿ ಬಿಟ್ಟರು. ಆಗ ಅವರ ಮುಖ ನೋಡಬೇಕಿತ್ತು. ಮದುವೆಯ ದಿನವೂ ಅಷ್ಟು ಕಳೆ ಇರಲಿಲ್ಲ.

ಡೋಲು ಬಡಿದರು. ಮಕ್ಕಳು ಬರಿಗಾಲಲ್ಲಿ ಓಡಿ ಬಂದು ನಿಂತರು. ಹೊರಿಬೆ ಮೇಷ್ಟ್ರು ಎಲ್ಲರಿಗೂ ಹಳೇ ಕಾಲದ ಮೀನುಗಾರರ ಹಾಗೆ ತಲೆಯಿಂದ ಗಲ್ಲದವರೆಗೆ ಬಟ್ಟೆ ಬಿಗಿಸಿದ್ದರು. ಕಣ್ಣು ಮೂಗು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಬಲಗಡೆ ಸಾಲಿನಲ್ಲಿ ಒಂದು ಹುಡುಗಿಯ ಬೆನ್ನ ಮೇಲೆ ಪೈನ್ ಮರದ ಅಕ್ಷರ. ಅವಳು ಮತ್ಸುನಾಗಾ ರಿಂಕೊ, ನಮ್ಮ ಫುಮಿನೋಳಷ್ಟೇ ಎತ್ತರ. ತನ್ನ ಮನೆತನದ ಹೆಸರಿನ ಮೊದಲ ಅಕ್ಷರವನ್ನೇ ಬರೆದುಕೊಂಡಿದ್ದಳು. ಫುಮಿನೋ ಎಡಗಡೆ ನಿಂತಿದ್ದಳು. ನಿಲ್ಲುವ ರೀತಿಯಲ್ಲೇ ನನಗೆ ಗೊತ್ತಾಯಿತು, ಅವಳು ಯಾವಾಗಲೂ ಎಡಗಾಲನ್ನು ತುಸು ಒಳಕ್ಕೆ ಇಡುತ್ತಾಳೆ.

“ಮತ್ಸು, ಮತ್ಸು, ಎಲ್ಲಿ ಮತ್ಸು…” ಅಂತ ಗೊಣಗುತ್ತಿದ್ದವರು, “ಸಿಕ್ತು! ಹಸಿರು ಚೌಕ ಬಂತು, ಫೋಕಸ್ ಕೂತ್ಕೊಂಡ್ತು. ಇನ್ನು ಇದು ಬಿಡಲ್ಲ!” ಅಂದರು.

ಲೆನ್ಸ್ ಬಲಗಡೆ ನೆಟ್ಟಿತ್ತು.

“ರೀ, ಎಡಗಡೆ!”

“ಶ್!”

“ರೀ, ಅದು ನಮ್ಮ ಫುಮಿನೋ ಅಲ್ಲ! ಎಡಗಡೆ ನೋಡಿ ಅಂದ್ರೆ!”

“ಮಾತಾಡ್ಬೇಡ ಕಣೇ, ಮೈಕು ಹಿಡಿಯುತ್ತೆ!”

ತೋಳು ಹಿಡಿದು ಜಗ್ಗಿದೆ. ಮೊಳಕೈಯಿಂದ ನನ್ನನ್ನು ದೂಡಿ, ಚಿತ್ರ ಅಲುಗಿತು ಅಂತ ಕೆಕ್ಕರಿಸಿದರು. ಕ್ಯಾಮೆರಾದಿಂದ ಕಣ್ಣು ತೆಗೆದದ್ದು ಅದೊಂದೇ ಸಲ, ಅದೂ ನನ್ನನ್ನು ಗದರಿಸುವುದಕ್ಕೆ.

ಫುಮಿನೋ ಚೆನ್ನಾಗಿ ಕುಣಿದಳು. ತಾಯಿ ಅಂತ ಹೇಳುತ್ತಿಲ್ಲ. ಬಲೆ ಎಳೆಯುವಾಗ ಬೆನ್ನು ಬಿಲ್ಲಿನ ಹಾಗೆ ಬಾಗುತ್ತಿತ್ತು, ಧೂಳೆದ್ದು ಮೊಣಕಾಲೆಲ್ಲ ಕೆಂಪಾಗಿತ್ತು. ಕೊನೆಯಲ್ಲಿ ಮಕ್ಕಳೆಲ್ಲ ಒಮ್ಮೆಲೇ ನಮಗೆ ಬೆನ್ನು ಹಾಕಿ, ಕುಕ್ಕರುಗಾಲಲ್ಲಿ ಕೂತು ಮುಷ್ಟಿ ಎತ್ತಿ ಅಲುಗದೆ ಉಳಿದರು. ಅಕ್ಷರ ಓದಲಿ ಅಂತಲೇ ಹಾಗೆ ಮಾಡಿಸುವುದು. ಆಗ ಫುಮಿನೋ ಭುಜದ ಮೇಲಿಂದ ಸ್ವಲ್ಪವೇ ತಲೆ ತಿರುಗಿಸಿ ನೋಡಿದಳು. ಬಿಳಿ ಲೆನ್ಸ್ ಹುಡುಕುವುದೇನೂ ಕಷ್ಟವಿರಲಿಲ್ಲ, ಅಷ್ಟು ದೊಡ್ಡದು ಮೈದಾನದಲ್ಲೇ ಇನ್ನೊಂದಿರಲಿಲ್ಲ. ಅದು ಬೇರೆ ಕಡೆ ನೋಡುತ್ತಿತ್ತು. ಅವಳು ಮುಖ ಮುಂದಕ್ಕೆ ತಿರುಗಿಸಿಕೊಂಡಳು. ಅಂಗೈ ಉರಿಯುವಷ್ಟು ಚಪ್ಪಾಳೆ ತಟ್ಟಿ, ನಾಲ್ಕು ಜನ ತಿರುಗಿ ನೋಡುವಷ್ಟು ಜೋರಾಗಿ ಅವಳ ಹೆಸರು ಕೂಗಿದೆ. ಆ ಲೆನ್ಸನ್ನು ಕಿತ್ತು ಸ್ಕೂಲಿನ ಈಜುಕೊಳಕ್ಕೆ ಎಸೆಯುವಷ್ಟು ಸಿಟ್ಟು ಬಂದಿತ್ತು ನನಗೆ.

ಮನೆಗೆ ಬರುವಾಗ ಯಜಮಾನರು ಹಾರಾಡುತ್ತಾ ಮುಂದೆ ನಡೆದರು. “ಏನು ಕುಣಿತ ಕಣಮ್ಮ ಅದು! ಮೈ ಜುಮ್ಮಂತು.”

“ನೋಡಿದ್ಯಾ ಅಪ್ಪಾ?”

“ಒಂದು ಕ್ಷಣ ಬಿಟ್ಟಿಲ್ಲ.”

“ಅಕ್ಷರ?”

“ಅಕ್ಷರ ಅಂತೂ ಕಣ್ಣಿಗೆ ಕುಕ್ಕೋ ಹಾಗಿದೆ. ಫಿಲ್ಮಲ್ಲಿ ನೋಡ್ತೀಯಂತೆ ಬಿಡು.”

ಫುಮಿನೋ ನನ್ನ ಕೈ ಹಿಡಿದುಕೊಂಡು ಮೆಲ್ಲಗೆ ಅಂದಳು, “ನಾನು ತಿರುಗಿ ನೋಡಿದಾಗ ಮಾತ್ರ ಆ ಕಡೆ ಇತ್ತೇನೋ ಅಮ್ಮ. ಮಿಕ್ಕಿದ್ದೆಲ್ಲ ಸಿಕ್ಕಿರ್ಬಹುದು.”

ಅವಳು ಸ್ನಾನಕ್ಕೆ ಹೋದಾಗ ನಾನು ನೇರವಾಗಿ ಹೇಳಿದೆ, ನೀವು ತೆಗೆದದ್ದು ಯಾರದೋ ಮಗೂನ ಅಂತ. ಅವರು ನಕ್ಕರು, ಕರುಣೆಯಿಂದ.

“ನೀನು ಬರಿಗಣ್ಣಲ್ಲಿ ನೋಡ್ದೆ ಕಣೇ. ನಾನು ಬೆವರ ಹನಿ ಕಾಣೋ ಲೆನ್ಸಲ್ಲಿ ನೋಡಿದೀನಿ. ಯಾರ ಮಾತು ನಂಬ್ಬೇಕು ಹೇಳು?”

ಇದಕ್ಕೆ ಏನು ಉತ್ತರ ಕೊಡುತ್ತೀರಿ? ಬೂದಿ ಕೋಣೆಯ ಬಾಗಿಲು ಮುಚ್ಚಿತು. ಎಡಿಟಿಂಗ್ ಅಂದರೆ ಸಾಮಾನ್ಯವೇ? ನಿಧಾನ ಚಲನೆ, ಡೋಲಿನ ಸದ್ದು, ಬಣ್ಣ ಹಚ್ಚುವುದು. ಕುತ್ತಿಗೆಯ ಬಣ್ಣ ಹಳದಿಗೆ ತಿರುಗಿತೇ ಅಂತ ಒಂದು ಸಂಜೆಯೆಲ್ಲ ಓನುಕಿ-ಸಾನ್ ಜೊತೆ ಫೋನಿನಲ್ಲಿ ಚರ್ಚೆ. ಚರ್ಮದ ಬಣ್ಣ ಸರಿಯಾಗಿದೆಯೇ ಅಂತ ಅಷ್ಟೊಂದು ನೋಡಿದವರು, ಚರ್ಮ ಯಾರದು ಅಂತ ನೋಡಲಿಲ್ಲ. ಊಟಕ್ಕೆ ಬಂದಾಗ ಹೆಮ್ಮೆಯಿಂದ ಹೇಳುತ್ತಿದ್ದರು.

“ನಡುವೆ ಯಾವುದೋ ಕಾಗೆ ಕೂಗಿದ ಹಾಗೆ ಸದ್ದು ಬಂದಿತ್ತು. ‘ಎಡಗಡೆ, ಎಡಗಡೆ’ ಅಂದ ಹಾಗೆ ಕೇಳ್ತಿತ್ತು, ತಮಾಷೆ. ಒಂದೇ ಗುಂಡಿ ಒತ್ತಿದೆ, ಅಳಿಸಿ ಹೋಯ್ತು!”

“ಆ ಕಾಗೆ ನಾನೇ,” ಅಂದೆ.

“ಹೌದಾ? ಎಷ್ಟು ನೀಟಾಗಿ ಅಳಿಸುತ್ತೆ ಗೊತ್ತಾ ಆ ಸಾಫ್ಟ್‌ವೇರು,” ಅಂದರು.

ಫಿಲ್ಮ್ ಸಿದ್ಧವಾಯಿತು. ಭಾನುವಾರ ಮಧ್ಯಾಹ್ನ ಪ್ರದರ್ಶನ. ಓಮಿಯಾದಿಂದ ನಮ್ಮ ಅತ್ತೆ ಬಂದರು, ಮೊಮ್ಮಗಳಿಗೆ ಕಡಲೆ ಹೂರಣದ ಹಾಗೆ ಸಿಹಿ ತುಂಬಿದ ಅಕ್ಕಿ ಉಂಡೆ ಕಟ್ಟಿಕೊಂಡು. ಓನುಕಿ-ಸಾನ್ ಟೈ ಕಟ್ಟಿಕೊಂಡು ಬಂದರು. ಕಿಟಕಿಯ ಪರದೆಗಳನ್ನೆಲ್ಲ ಎಳೆದು ಹಗಲನ್ನು ಕತ್ತಲು ಮಾಡಿದ್ದಾಯಿತು. ಫುಮಿನೋ ಎಲ್ಲರಿಗಿಂತ ಮುಂದೆ, ಮೊಣಕಾಲು ಮಡಚಿ ಕೂತಳು.

ಡೋಲು ಬಡಿಯಿತು. ಬೆವರ ಹನಿ ಗಲ್ಲದ ಬಟ್ಟೆಯಿಂದ ಜಾರಿ, ಗಾಳಿಯಲ್ಲಿ ತೇಲಿ, ಎಷ್ಟೋ ಹೊತ್ತು ಬೀಳದೆ ನಿಂತಿತು. ಸುಳ್ಳು ಹೇಳಬಾರದು, ಬಲು ಸೊಗಸಾಗಿತ್ತು.

“ಫುಮಿನೋ ಯಾವಾಗ ಬರ್ತಾಳೋ?” ಅಂದರು ಅತ್ತೆ.

“ಅಮ್ಮಾ, ಅವಳೇ ಅದು.”

ಅತ್ತೆ ಕನ್ನಡಕ ಒರೆಸಿ ಹಾಕಿಕೊಂಡರು. ಮತ್ತೆ ನೋಡಿದರು. “ಸರಿ. ಫುಮಿನೋ ಯಾವಾಗ ಬರ್ತಾಳೆ?”

“ಅವಳೇ ಕಣಮ್ಮಾ ಅದು! ಸುಮ್ನೆ ನೋಡು.”

ಓನುಕಿ-ಸಾನ್‌ಗೆ ಇದು ಯಾವುದೂ ಕೇಳುತ್ತಿರಲಿಲ್ಲ. ಅವರು ಪರದೆಯ ಹತ್ತಿರಕ್ಕೆ ತೆವಳಿ ಹೋಗಿದ್ದರು. “ನಿಲ್ಸು ನಿಲ್ಸು ನೆಗಿಶಿ! ಇಲ್ಲಿ ನೋಡು. ಈ ಹುಡುಗಿ ಹಿಂದೆ, ಎಡಗಡೆ. ಏನು ಮಸುಕಯ್ಯಾ ಇದು! ಬೆಣ್ಣೆ! ಅಂಚೇ ಇಲ್ಲ! ಇದಕ್ಕೋಸ್ಕರ ತಾನೆ ಆ ಲೆನ್ಸು?”

ಯಜಮಾನರು ನಿಲ್ಲಿಸಿದರು. ಪರದೆಯ ನಡುವೆ ಪೈನ್ ಮರದ ಅಕ್ಷರದ ಹುಡುಗಿ ಸ್ಪಷ್ಟವಾಗಿ ನಿಂತಿದ್ದಳು. ಅವಳ ಹಿಂದೆ ಎಡಮೂಲೆಯಲ್ಲಿ ನೀಲಿ, ಬಿಳಿ ಬೆರೆತ ಒಂದು ಮೃದುವಾದ ಗುಂಡು ಕಲೆ.

“ಆ ಮಸುಕು ಇದೆಯಲ್ಲ,” ಅಂದಳು ಫುಮಿನೋ, “ಅದು ನಾನು.”

ಓನುಕಿ-ಸಾನ್ ಬೆರಳನ್ನು ಪರದೆಯಿಂದ ಹಿಂದಕ್ಕೆ ಎಳೆದುಕೊಂಡರು, ಬಿಸಿ ತಾಗಿದವರ ಹಾಗೆ.

“ಮುಂದಿರೋದು ರಿಂಕೊ. ಮತ್ಸುನಾಗಾ ರಿಂಕೊ,” ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನ್ನನ್ನು ಹಿಂಡಿಹಾಕಿತು.

ಯಜಮಾನರು ಪರದೆ ನೋಡಿದರು, ಮಗಳನ್ನು ನೋಡಿದರು, ಮತ್ತೆ ಪರದೆ ನೋಡಿದರು. “ಅಲ್ಲ, ಆದ್ರೆ… ಚೌಕ ಹಸಿರಾಗಿತ್ತು,” ಅಂದರು. ಆಮೇಲೆ, “ನೀನು ಮತ್ಸು ಅಂದೆ.”

“ಅಂದೆ.”

“ಯಾವ ಮತ್ಸು?”

ಕೊನೆಗೂ ಕೇಳಿದರು. ಫುಮಿನೋ ಎದ್ದು ಹೋಗಿ, ಫ್ರಿಜ್ಜಿನ ಪಕ್ಕದ ಮೇಜಿನ ಕುರ್ಚಿಗೆ ತೂಗುಹಾಕಿದ್ದ ಹಪ್ಪಿ ಅಂಗಿ ತೊಟ್ಟುಕೊಂಡು ಬಂದು, ಅಪ್ಪನಿಗೆ ಬೆನ್ನು ಹಾಕಿ ನಿಂತಳು. ನಾನು ಎದ್ದು ಕಿಟಕಿಯ ಪರದೆ ಸರಿಸಿದೆ. ಬೆಳಕು ಬಿತ್ತು. ಅಂಗಿ ತುಂಬ, ಒಂದು ಭುಜದಿಂದ ಇನ್ನೊಂದು ಭುಜದವರೆಗೆ, ಕಾಯುವುದು.

ಯಜಮಾನರು ಅದನ್ನು ಓದಿದರು. ಓದುವುದಕ್ಕೆ ಒಂದು ಕ್ಷಣ ಸಾಕು, ಇವರು ಬಹಳ ಹೊತ್ತು ಓದಿದರು. ಕಿವಿ ಕೆಂಪಾಯಿತು. ಆಮೇಲೆ ಥಟ್ಟನೆ ಎದ್ದರು.

“ಕುಣಿ ಮಗಳೇ. ಈಗಲೇ, ಇಲ್ಲೇ ಕುಣಿ. ಒಂದ್ನಿಮಿಷ, ಒಂದೇ ನಿಮಿಷ, ಕ್ಯಾಮೆರಾ ತರ್ತೀನಿ!”

ಬೂದಿ ಕೋಣೆಗೆ ಓಡಿದರು. ಪೆಟ್ಟಿಗೆಗಳ ಚಿಲಕ ಒಂದೊಂದಾಗಿ ಬಿಚ್ಚುವ ಸದ್ದು ಕೇಳಿಸಿತು. ಅತ್ತೆ ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ. ಫುಮಿನೋ ಬಾಗಿಲ ಕಡೆ ನೋಡುತ್ತಾ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಭುಜ ಕುಣಿಸಿ, “ಅಜ್ಜೀ, ನೀನು ತಾಳ ಹಾಕು,” ಅಂದಳು.

ಅತ್ತೆ ಚಪ್ಪಾಳೆ ತಟ್ಟಿದರು. ಓನುಕಿ-ಸಾನ್ ಟೈ ಸಡಿಲಿಸಿ ಡೋಲಿನ ಬದಲು ನೆಲ ಗುದ್ದಿದರು. ಫುಮಿನೋ ಸೋಫಾಕ್ಕೂ ಟಿವಿಗೂ ನಡುವಿನ ಚಿಕ್ಕ ಜಾಗದಲ್ಲಿ ಬಲೆ ಹಾಕಿದಳು, ದೋಣಿಯ ಹುಟ್ಟು ಹಾಕಿದಳು, ಬಲೆ ಎಳೆದಳು. ಕೊನೆಗೆ ಬೆನ್ನು ತೋರಿಸಿ ಮುಷ್ಟಿ ಎತ್ತಿ ಕೂತಳು. ಕುಣಿತ ಮುಗಿಯಿತು.

ಆಗ ಯಜಮಾನರು ಬಂದರು, ಎರಡೂ ಕೈಯಲ್ಲಿ ಒಂದೊಂದು ಲೆನ್ಸ್.

“ಮನೆ ಒಳಗೆ ಬೆಳಕು ಕಮ್ಮಿ. ಇದು ಹಾಕ್ಲಾ, ಇದು ಹಾಕ್ಲಾ?”

“ಮುಗೀತು ಅಪ್ಪಾ,” ಅಂದಳು ಫುಮಿನೋ, ಏದುಸಿರು ಬಿಡುತ್ತಾ.

ಅವರ ಮುಖ ಇಳಿಯಿತು. ನನಗೆ ಪಾಪ ಅನಿಸಲಿಲ್ಲ. ಇಷ್ಟು ವರ್ಷ ಮಗುವಿನ ಮುಖವೂ ಹೀಗೇ ಇಳಿದದ್ದನ್ನು ನಾನೊಬ್ಬಳೇ ನೋಡಿದ್ದೆ.

“ಇನ್ನೊಂದ್ಸಲ ಕುಣೀತೀಯಾ? ಈ ಸಲ ಖಂಡಿತ ಸಿಗುತ್ತೆ. ಖಂಡಿತ.”

ಫುಮಿನೋ ಅವರ ಕೈ ನೋಡಿದಳು. “ಕುಣೀತೀನಿ. ಆದ್ರೆ ತಾಳ ಹಾಕೋಕೆ ನಿನ್ನ ಎರಡೂ ಕೈ ಬೇಕು.”

ಅವರು ಸುತ್ತಲೂ ಕಣ್ಣಾಡಿಸಿದರು. ಮೆತ್ತನೆ ಬಟ್ಟೆ ಹಾಸದೆ ಲೆನ್ಸನ್ನು ಎಲ್ಲೂ ಇಟ್ಟವರಲ್ಲ. ನಾನು ಬಟ್ಟೆ ತಂದುಕೊಡಲಿ ಅಂತ ನನ್ನ ಕಡೆ ನೋಡಿದರು. ನಾನು ಅಲುಗಲಿಲ್ಲ. ಕೊನೆಗೆ ಓನುಕಿ-ಸಾನ್ ತಮ್ಮ ಗುರುಸ್ಥಾನ ಮರೆತು, “ಇಡಯ್ಯಾ ಎಲ್ಲಾದ್ರೂ,” ಅಂತ ಗದರಿದರು. ಒಂದು ಲೆನ್ಸ್ ಸಿಹಿ ಉಂಡೆಯ ತಟ್ಟೆಯೊಳಕ್ಕೆ ಹೋಯಿತು, ಇನ್ನೊಂದು ಅತ್ತೆಯ ಮಡಿಲಿಗೆ.

ಫುಮಿನೋ ಮತ್ತೆ ಕುಣಿದಳು. ಯಜಮಾನರ ಚಪ್ಪಾಳೆ ಒಂದೂ ತಾಳಕ್ಕೆ ಬೀಳಲಿಲ್ಲ. ಅವಳು ಕುಣಿಯುತ್ತಲೇ ಎರಡು ಸಲ “ತಪ್ಪು, ತಪ್ಪು” ಅಂತ ಕೂಗಿ ನಕ್ಕಳು. ಅವರು ಮಾತ್ರ ನಗಲಿಲ್ಲ, ಕಣ್ಣೂ ಮಿಟುಕಿಸಲಿಲ್ಲ. ನಡುವೆ ಅವರ ಬಲಗೈ ತಾನೇ ತಾನಾಗಿ ಎದೆಯ ಹತ್ತಿರ ಬಂದು, ಅಲ್ಲಿ ಏನೂ ಸಿಗದೆ, ಚಪ್ಪಾಳೆಗೆ ವಾಪಸ್ಸು ಹೋಯಿತು.

ಮುಗಿದ ಮೇಲೆ ಅವರು ಕೇಳಿದರು, “ನೀನು ಯಾವಾಗಿನಿಂದ ಇಷ್ಟು ಎತ್ತರ ಆದೆ?”

“ಆಗ್ಲೇ ಆದೆ ಅಪ್ಪಾ,” ಅಂದಳು ಫುಮಿನೋ. ಅಂಗಿ ಬಿಚ್ಚಿ, ಹಸಿವಾಗುತ್ತಿದೆ ಅಂತ ಉಂಡೆಗೆ ಕೈ ಹಾಕಿದಳು.